ಇಳಿದೆ ಅಂತ ಒಂದು ಮೆಸೇಜ್

ಒಂದು ದನಿಯಿಂದ ಶುರು ಮಾಡುತ್ತೇನೆ.

ನಮ್ಮದು ಪುಟ್ಟ ಏರ್‌ಫೀಲ್ಡ್. ಒಂದೇ ರನ್‌ವೇ, ಎರಡು ಹ್ಯಾಂಗರ್, 11 ವಿಮಾನ. ಕಂಟ್ರೋಲ್ ಟವರ್ ಇಲ್ಲ. ಟವರ್ ಇಲ್ಲದ ಕಡೆ ಹಾರುವವರೇ ಒಬ್ಬರಿಗೊಬ್ಬರು ರೇಡಿಯೋದಲ್ಲಿ ಹೇಳಿಕೊಳ್ಳಬೇಕು. ಡೌನ್‌ವಿಂಡ್‌ನಲ್ಲಿದ್ದೇನೆ, ಬೇಸ್‌ಗೆ ತಿರುಗುತ್ತಿದ್ದೇನೆ, ಫೈನಲ್‌ನಲ್ಲಿದ್ದೇನೆ, ಹೀಗೆ. ಇಳಿಯುವ ಮುನ್ನ ರನ್‌ವೇ ಪಕ್ಕ ಹಾಕುವ ಸುತ್ತಿನ, ಅಂದರೆ ಸರ್ಕಿಟ್‌ನ, ಹಂತಗಳಿವು. ಅಲ್ಲಿ ಯಾರೂ ತಮ್ಮ ಹೆಸರು ಹೇಳುವುದಿಲ್ಲ, ವಿಮಾನದ ನೋಂದಣಿ ಅಕ್ಷರ ಹೇಳುತ್ತಾರೆ. ನನ್ನ ಗೆಳೆಯನ ವಿಮಾನದ ಕೊನೆಯ ಎರಡು ಅಕ್ಷರ ಕಿಲೊ ಟ್ಯಾಂಗೊ. ಇಪ್ಪತ್ತು ವರ್ಷ ಆ ಎರಡು ಅಕ್ಷರವನ್ನು ಅವನ ದನಿಯಲ್ಲೇ ಕೇಳಿದ್ದೆ. ‘ಟ್ಯಾಂಗೊ’ ಅನ್ನುವಾಗ ಕೊನೆಗೆ ಒಂಚೂರು ಎಳೆಯುತ್ತಿದ್ದ, ಸಂಗೀತ ಕಲಿಯಲು ಹೋಗಿ ಅರ್ಧಕ್ಕೆ ಬಿಟ್ಟವರ ಹಾಗೆ.

ಅವನು ಮನೆಯಲ್ಲಿ, ನಿದ್ದೆಯಲ್ಲಿ, ಹೃದಯಾಘಾತದಿಂದ ತೀರಿಕೊಂಡ. ಒಂದೂವರೆ ವರ್ಷದ ಮೇಲೆ ಮನೆಯವರು ವಿಮಾನ ಮಾರಿದರು. ತಗೊಂಡದ್ದು ನಮ್ಮಲ್ಲೇ ಹೊಸದಾಗಿ ಲೈಸೆನ್ಸ್ ಪಡೆದ ಹುಡುಗಿ. ಒಂದು ಬೆಳಿಗ್ಗೆ ನಾನು ಸರ್ಕಿಟ್‌ನಲ್ಲಿದ್ದೆ. ಹೆಡ್‌ಸೆಟ್‌ನಲ್ಲಿ ‘ಕಿಲೊ ಟ್ಯಾಂಗೊ, ಡೌನ್‌ವಿಂಡ್’ ಅಂತ ಬಂತು. ಹೆಣ್ಣು ದನಿ, ಚುರುಕು, ಎಳೆತವೇ ಇಲ್ಲ. ವಿಮಾನ ಮಾರಿದ್ದು ನನಗೆ ಗೊತ್ತಿಲ್ಲದ್ದೇನಲ್ಲ, ಕಾಗದಪತ್ರಕ್ಕೆ ಓಡಾಡಿದ್ದೇ ನಾನು. ಆದರೂ ಅವತ್ತು ಇಳಿಯುವಾಗ ರೆಕ್ಕೆಯ ಹಿಂದೆ ಬಿಚ್ಚುವ ಫ್ಲ್ಯಾಪ್ ಇಳಿಸುವುದು ಮರೆತುಹೋಯಿತು. ಅಂತ್ಯಕ್ರಿಯೆಯಲ್ಲಿ ನನಗೆ ಅಳು ಬಂದಿರಲಿಲ್ಲ. ಅವತ್ತು ಇಳಿದು, ಎಂಜಿನ್ ನಿಲ್ಲಿಸಿ, ಬಾಗಿಲು ತೆಗೆಯದೆ ಸುಮಾರು ಹೊತ್ತು ಒಳಗೇ ಕೂತಿದ್ದೆ.

ನಮ್ಮಂಥ ಸಣ್ಣ ಗುಂಪಿನಲ್ಲಿ ಅಗಲಿಕೆ ಹೀಗೇ ಬರುತ್ತದೆ. ಬರಬೇಕಾದ ದಿನ ಬರುವುದಿಲ್ಲ, ನಾವು ಬೇರೆ ಕೆಲಸದಲ್ಲಿದ್ದಾಗ ಕಿವಿಗೆ ಬಂದು ಬೀಳುತ್ತದೆ. ಇವತ್ತು ಅದರ ಬಗ್ಗೆಯೇ ಮಾತಾಡೋಣ ಅಂತ ಬಂದಿದ್ದೇನೆ.

ನಿಮ್ಮಲ್ಲಿ ಹಾರುವವರಲ್ಲದವರೂ ಇದ್ದೀರಿ. ನಿಮಗೆ ಒಂದು ಪ್ರಶ್ನೆ ಬರಬಹುದು. ವಾರಕ್ಕೊಮ್ಮೆ ಸೇರುವ ಹವ್ಯಾಸದ ಗುಂಪು, ಇಷ್ಟೊಂದು ನಂಟು ಯಾಕೆ? ಒಂದು ಉದಾಹರಣೆ ಕೊಡುತ್ತೇನೆ. ಕೆಲವು ಹಳೆಯ ವಿಮಾನಗಳಲ್ಲಿ ಸ್ಟಾರ್ಟರ್ ಇರುವುದಿಲ್ಲ. ಒಬ್ಬರು ಹೊರಗೆ ನಿಂತು ಪ್ರೊಪೆಲ್ಲರನ್ನು ಕೈಯಿಂದ ತಿರುಗಿಸಬೇಕು, ಇನ್ನೊಬ್ಬರು ಒಳಗೆ ಬ್ರೇಕ್ ಒತ್ತಿ ಸ್ವಿಚ್ ಮೇಲೆ ಕೈ ಇಟ್ಟು ಕೂತಿರಬೇಕು. ಹೊರಗಿನವರು ‘ಸ್ವಿಚ್ ಆಫ್?’ ಅಂತ ಕೇಳಿ, ಉತ್ತರ ಬಂದ ಮೇಲಷ್ಟೇ ಪ್ರೊಪೆಲ್ಲರ್ ಮುಟ್ಟುತ್ತಾರೆ. ಒಳಗಿನವರು ಸುಮ್ನೆ ಬಾಯಿಮಾತಿಗೆ ‘ಆಫ್’ ಅಂದುಬಿಟ್ಟರೆ ಹೊರಗಿನವರ ಕೈ ಹೋಯಿತು. ಇಪ್ಪತ್ತು ವರ್ಷ ಒಬ್ಬರ ‘ಆಫ್’ ಅನ್ನೋ ಮಾತನ್ನು ನಂಬಿ ಪ್ರೊಪೆಲ್ಲರ್‌ಗೆ ಕೈ ಹಾಕಿದ್ದರೆ, ಅವರ ಮಕ್ಕಳ ಹೆಸರು ನೆನಪಿರದಿದ್ದರೂ ಅವರು ಯಾರು ಅಂತ ನಿಮಗೆ ಗೊತ್ತಿರುತ್ತದೆ.

ಹೋಗುವುದರಲ್ಲಿ ನಾಲ್ಕಾರು ಬಗೆ. ಕೆಲಸ ಬದಲಾಗಿ ಬೇರೆ ಊರಿಗೆ ಹೋಗುವವರು ಇದ್ದಾರೆ. ಅವರ ಬಗ್ಗೆ ಜಾಸ್ತಿ ಹೇಳಲ್ಲ. ಅವರು ಅಲ್ಲೊಂದು ಏರ್‌ಫೀಲ್ಡ್ ಹುಡುಕಿಕೊಳ್ಳುತ್ತಾರೆ, ಒಂದಿನ ಹೇಳದೆ ಕೇಳದೆ ಹಾರಿಕೊಂಡು ಬಂದು ನಮ್ಮ ಹ್ಯಾಂಗರ್ ಮುಂದೆ ನಿಲ್ಲಿಸುತ್ತಾರೆ. ಮಗು ಹುಟ್ಟಿ ಖರ್ಚು ಹೆಚ್ಚಿ ವಿಮಾನ ಮಾರಿದವರು ಹತ್ತು ವರ್ಷ ಕಳೆದು ವಾಪಸ್ ಬಂದದ್ದನ್ನೂ ನೋಡಿದ್ದೇನೆ. ನನಗೆ ಹೇಳಬೇಕಿರುವುದು ಎರಡು ಬಗೆಯವರ ವಿಷಯ. ಸತ್ತವರು, ಮತ್ತು ಬದುಕಿದ್ದೂ ಇನ್ನು ಹಾರದವರು.

ಮೊದಲನೆಯದರಲ್ಲೂ ಅತಿ ಕಷ್ಟದ ಭಾಗ ಕಾಯುವುದು. ಫ್ಲೈಟ್ ಪ್ಲಾನ್ ಕೊಟ್ಟು ಹೋದ ವಿಮಾನ ಹೇಳಿದ ಹೊತ್ತಿಗೆ ಬಾರದಿದ್ದರೆ ಏನು ಮಾಡಬೇಕು ಅನ್ನುವುದಕ್ಕೆ ಅಂತರರಾಷ್ಟ್ರೀಯ ನಿಯಮ ಇದೆ. ಮೂರು ಹಂತ. ಇನ್ಸರ್ಫಾ, ಅಲರ್ಫಾ, ಡಿಟ್ರೆಸ್ಫಾ ಅಂತ ವಿಚಿತ್ರ ಹೆಸರುಗಳು. ಮೊದಲನೆಯದು ಅನುಮಾನದ ಹಂತ, ಎರಡನೆಯದು ಎಚ್ಚರದ್ದು, ಮೂರನೆಯದು ಅಪಾಯದ್ದು. ಬರಬೇಕಾದ ಸಮಯ ದಾಟಿ 30 ನಿಮಿಷವಾದರೆ ಮೊದಲ ಹಂತ ಶುರು. ಈ 30 ನಿಮಿಷ ನೆನಪಿಟ್ಟುಕೊಳ್ಳಿ, ಕೊನೆಗೆ ಮತ್ತೆ ಬರುತ್ತದೆ.

ಫ್ಲೈಟ್ ಪ್ಲಾನ್ ಇಲ್ಲದ ಸಣ್ಣ ಹಾರಾಟಕ್ಕೆ ನಮ್ಮದೇ ವ್ಯವಸ್ಥೆ. ಹೊರಡುವಾಗ ಒಬ್ಬರಿಗೆ ಹೇಳಿ ಹೋಗುವುದು, ಇಳಿದ ಮೇಲೆ ‘ಇಳಿದೆ’ ಅಂತ ಒಂದು ಮೆಸೇಜ್ ಹಾಕುವುದು. ನನ್ನ ಇನ್ನೊಬ್ಬ ಗೆಳೆಯ ಆ ಸಂಜೆ ನನಗೆ ಹೇಳಿ ಹೋಗಿದ್ದ. ಬೆಟ್ಟದ ಸಾಲಿನ ಆಚೆಯ ಏರ್‌ಫೀಲ್ಡ್, ನಾಲ್ಕೂವರೆಗೆ ಇಳಿಯುತ್ತೇನೆ ಅಂದಿದ್ದ. ನಾಲ್ಕೂ ಮುಕ್ಕಾಲಿಗೆ ಅವನ ಮರೆವನ್ನು ಬೈದುಕೊಂಡೆ. ಐದಕ್ಕೆ ಫೋನ್ ಮಾಡಿದೆ, ಎತ್ತಲಿಲ್ಲ. ಆಮೇಲೆ ನಡೆದದ್ದೆಲ್ಲ ನಿಯಮದ ಪ್ರಕಾರ ನಡೆಯಿತು. ನಿಯಮ ನನಗೆ ಅವತ್ತು ದೊಡ್ಡ ಉಪಕಾರ ಮಾಡಿತು, ಯಾಕೆಂದರೆ ಏನು ಮಾಡಬೇಕು ಅಂತ ಯೋಚಿಸುವ ಶಕ್ತಿ ನನ್ನಲ್ಲಿ ಇರಲಿಲ್ಲ.

ಈ ಕಾಯುವಿಕೆಯನ್ನು ನಮಗಿಂತ ಚೆನ್ನಾಗಿ ತಿಳಿದಿದ್ದವರು ಫ್ರಾನ್ಸಿನ ಏರೋಪೋಸ್ತಾಲ್ ಪೈಲಟ್‌ಗಳು. 1920ರ, 30ರ ದಶಕದಲ್ಲಿ ಆಫ್ರಿಕಾ, ದಕ್ಷಿಣ ಅಮೆರಿಕದ ಮೇಲೆ ಅಂಚೆ ಹೊತ್ತವರು. ಅವರದೂ ಸಣ್ಣ ಬಳಗವೇ. ಆನ್ರಿ ಗಿಯೋಮೆ ಅನ್ನುವವರು 1930ರ ಜೂನ್‌ನಲ್ಲಿ ಆಂಡಿಸ್ ಬೆಟ್ಟಗಳಲ್ಲಿ ಹಿಮಗಾಳಿಗೆ ಸಿಕ್ಕಿ ಒಂದು ಸರೋವರದ ಪಕ್ಕ ವಿಮಾನ ಇಳಿಸಬೇಕಾಯಿತು. ಅದು ಅಲ್ಲಿ ಚಳಿಗಾಲ. ಗೆಳೆಯ ಆಂಟ್ವಾನ್ ದ ಸೇಂಟ್ ಎಕ್ಸೂಪೆರಿ ದಿನಗಟ್ಟಲೆ ಬೆಟ್ಟಗಳ ನಡುವೆ ಹಾರಿ ಹುಡುಕಿದರು. ಚಳಿಗಾಲದಲ್ಲಿ ಆ ಬೆಟ್ಟಕ್ಕೆ ಸಿಕ್ಕವರು ಬದುಕಿ ಬರುವುದಿಲ್ಲ ಅಂತ ಅಲ್ಲಿಯವರ ಮಾತು. ಗಿಯೋಮೆ ಹಿಮದಲ್ಲಿ ಸುಮಾರು ಐದು ದಿನ ನಡೆದು ಬದುಕಿ ಬಂದರು.

ಈ ಕಥೆ ಎಲ್ಲರಿಗೂ ಇಷ್ಟ. ಅದೇ ಬಳಗದ ಇನ್ನೊಂದು ಕಥೆಯನ್ನು ಯಾರೂ ಅಷ್ಟು ಪ್ರೀತಿಯಿಂದ ಹೇಳಲ್ಲ. 1936ರ ಡಿಸೆಂಬರ್ 7ರಂದು ಜಾನ್ ಮೆರ್ಮೋಜ್ ಡಕಾರ್‌ನಿಂದ ಅಟ್ಲಾಂಟಿಕ್ ದಾಟಲು ಹೊರಟರು. ಪ್ರೊಪೆಲ್ಲರ್ ತೊಂದರೆ ಅಂತ ವಾಪಸ್ ಬಂದರು. ಸರಿಮಾಡಿಸಿಕೊಂಡು ಮತ್ತೆ ಹೊರಟರು. ಹತ್ತು ಮುಕ್ಕಾಲರ ಸುಮಾರಿಗೆ ಒಂದು ಚಿಕ್ಕ ಸಂದೇಶ ಬಂತು: ಬಲಗಡೆಯ ಹಿಂದಿನ ಎಂಜಿನ್ ನಿಲ್ಲಿಸುತ್ತಿದ್ದೇವೆ. ಅಷ್ಟೇ. ಆಮೇಲೆ ಏನೂ ಇಲ್ಲ. ಅವರಿಗೆ 35 ತುಂಬಲು ಎರಡು ದಿನ ಬಾಕಿ ಇತ್ತು. ಗಿಯೋಮೆ ಬದುಕಿ ಬಂದದ್ದನ್ನು ಕಂಡ ಗೆಳೆಯರು ಮೆರ್ಮೋಜ್‌ಗೂ ಕಾದಿರಲೇಬೇಕು, ಅಲ್ವಾ? ಒಂದು ಸಲ ನಿಜವಾದ ಆಸೆ ಇನ್ನೊಂದು ಸಲ ಎಷ್ಟು ಹಿಂಸೆ ಕೊಡಬಹುದು ನೋಡಿ. 1940ರ ನವೆಂಬರ್‌ನಲ್ಲಿ ಗಿಯೋಮೆಯ ವಿಮಾನವನ್ನು ಮೆಡಿಟರೇನಿಯನ್ ಮೇಲೆ ಹೊಡೆದುರುಳಿಸಿದರು. 1944ರ ಜುಲೈ 31ರಂದು ಕಾರ್ಸಿಕಾದಿಂದ ಹೊರಟ ಸೇಂಟ್ ಎಕ್ಸೂಪೆರಿ ಹಿಂತಿರುಗಲಿಲ್ಲ. 1998ರಲ್ಲಿ ಮಾರ್ಸೇ ಹತ್ತಿರ ಒಬ್ಬ ಮೀನುಗಾರನ ಬಲೆಗೆ ಅವರ ಹೆಸರಿದ್ದ ಕೈಕಡಗ ಸಿಕ್ಕಿತು. ಸಮುದ್ರದಿಂದ ಎತ್ತಿದ ತುಂಡುಗಳು ಅವರ ವಿಮಾನದ್ದೇ ಅಂತ ಖಚಿತವಾದದ್ದು 2004ರಲ್ಲಿ. ಅರವತ್ತು ವರ್ಷ. ಅವರಿಗಾಗಿ ಕಾದವರಲ್ಲಿ ಎಷ್ಟು ಜನ ಅಷ್ಟರೊಳಗೆ ತಾವೇ ಹೊರಟುಹೋಗಿದ್ದರೋ.

ನನ್ನ ಗೆಳೆಯನ ವಿಷಯದಲ್ಲಿ ಅಷ್ಟು ಕಾಯಬೇಕಾಗಲಿಲ್ಲ. ಮರುದಿನ ಬೆಳಿಗ್ಗೆ ಸಿಕ್ಕಿದ. ಅದರ ವಿವರ ಬೇಡ. ಆದರೆ ಆಮೇಲಿನ ವಾರ ನಮ್ಮ ಹ್ಯಾಂಗರ್‌ನಲ್ಲಿ ನಡೆದದ್ದನ್ನು ಹೇಳಬೇಕು, ಯಾಕೆಂದರೆ ನಿಮ್ಮಲ್ಲೂ ಅದೇ ನಡೆಯುತ್ತದೆ.

ಮೂರನೇ ದಿನಕ್ಕೇ ಮಾತು ಶುರುವಾಯಿತು. ಮೋಡ ಕೆಳಗಿದ್ದಾಗ ಆ ದಾರಿ ಹಿಡಿಯಬಾರದಿತ್ತು. ಇಂಧನ ಸರಿಯಾಗಿ ನೋಡಿರಲಿಕ್ಕಿಲ್ಲ. ಅವನಿಗೆ ಮೊದಲಿಂದಲೂ ಸ್ವಲ್ಪ ಆತುರ. ನಾನಾಗಿದ್ದರೆ ಹಿಂದಕ್ಕೆ ತಿರುಗುತ್ತಿದ್ದೆ. ಹೀಗೆ ಹೇಳಿದವರೆಲ್ಲ ಅವನನ್ನು ಪ್ರೀತಿಸಿದವರೇ. ಕೇಳುವಾಗ ಮೈ ಉರಿಯಿತು. ಆಮೇಲೆ ಗಮನಿಸಿದೆ, ನಾನೂ ಒಳಗೊಳಗೇ ಅದನ್ನೇ ಮಾಡುತ್ತಿದ್ದೆ. ಅವನು ಮಾಡಿದ ಒಂದು ತಪ್ಪು ಸಿಕ್ಕಿಬಿಟ್ಟರೆ, ಆ ತಪ್ಪು ನಾನು ಮಾಡುವುದಿಲ್ಲ, ಹಾಗಾಗಿ ನಾನು ಸಾಯುವುದಿಲ್ಲ. ಲೆಕ್ಕ ಇಷ್ಟೇ. ಬೇರೆ ಕಡೆ ಜನ ಸತ್ತವರ ಗುಣ ನೆನೆಯುತ್ತಾರೆ. ಪೈಲಟ್‌ಗಳು ಸತ್ತವರ ತಪ್ಪು ಹುಡುಕುತ್ತಾರೆ. ಹೇಡಿತನ ಅಂತ ನಾನು ಅನ್ನುವುದಿಲ್ಲ. ನಾಳೆ ಮತ್ತೆ ಹಾರಬೇಕಲ್ಲ, ಏನೋ ಒಂದು ಆಸರೆ ಬೇಕು.

ಅಪಘಾತದ ತನಿಖೆಗೆ ಅಂತರರಾಷ್ಟ್ರೀಯ ನಿಯಮವೇ ಒಂದು ಮಾತು ಹೇಳಿದೆ: ತನಿಖೆಯ ಉದ್ದೇಶ ಮುಂದಿನ ಅಪಘಾತ ತಡೆಯುವುದು, ತಪ್ಪು ಯಾರದು ಅಂತ ಹೊರಿಸುವುದಲ್ಲ. ಪ್ರಾಥಮಿಕ ವರದಿ 30 ದಿನಕ್ಕೆ, ಅಂತಿಮ ವರದಿ ಸಾಧ್ಯವಾದರೆ 12 ತಿಂಗಳೊಳಗೆ. ಅಂದರೆ ದೊಡ್ಡ ದೊಡ್ಡ ಪರಿಣತರು ಒಂದು ವರ್ಷ ತಗೊಳ್ಳುವ ಕೆಲಸವನ್ನು ನಾವು ಮೂರು ದಿನದಲ್ಲಿ ಹ್ಯಾಂಗರ್ ಬಾಗಿಲಲ್ಲಿ ನಿಂತು ಮುಗಿಸಿದ್ದೆವು.

ಅಂತಿಮ ವರದಿ ಬಂದಾಗ ನಾನು ಒಬ್ಬಂಟಿಯಾಗಿ ಕೂತು ಓದಿದೆ. ಅದರಲ್ಲಿ ಅವನ ಹೆಸರಿಲ್ಲ. ‘ಪೈಲಟ್’ ಅಂತಿದೆ. ವಯಸ್ಸು, ಹಾರಾಟದ ಒಟ್ಟು ಗಂಟೆ, ಆ ಬಗೆಯ ವಿಮಾನದಲ್ಲಿ ಎಷ್ಟು ಗಂಟೆ, ಕಳೆದ 90 ದಿನದಲ್ಲಿ ಎಷ್ಟು. ಅವನು ನಗುವಾಗ ಕಣ್ಣು ಪೂರ್ತಿ ಮುಚ್ಚಿಹೋಗುತ್ತಿದ್ದವು ಅಂತ ಇಲ್ಲ. ಇರಬೇಕಾಗಿಯೂ ಇಲ್ಲ. ಆದರೆ ಎಂಟನೇ ಪುಟದಲ್ಲಿ ಒಂದು ಸಾಲು ಇತ್ತು, ಹೊರಡುವ ಮುನ್ನ ಇಂಧನದ ಮಾದರಿ ತೆಗೆದು ಪರೀಕ್ಷಿಸಿದ್ದನ್ನು ಒಬ್ಬರು ನೋಡಿದ್ದಾರೆ ಅಂತ. ಹಾರದವರಿಗಾಗಿ ಹೇಳುತ್ತೇನೆ: ಟ್ಯಾಂಕಿನ ತಳದಿಂದ ಒಂದು ಪುಟ್ಟ ಪಾರದರ್ಶಕ ಲೋಟಕ್ಕೆ ಇಂಧನ ಹಿಡಿದು ಬೆಳಕಿಗೆ ಹಿಡಿಯುತ್ತೇವೆ. ನಾವು ಬಳಸುವ ಪೆಟ್ರೋಲಿಗೆ ತೆಳು ನೀಲಿ ಬಣ್ಣ ಹಾಕಿರುತ್ತಾರೆ. ನೀರು ಸೇರಿದ್ದರೆ ಅದು ಕೆಳಗೆ ಬೇರೆಯಾಗಿ ನಿಲ್ಲುತ್ತದೆ. ಅವನು ಲೋಟ ಎತ್ತಿ ಹಿಡಿದು ಒಂದು ಕಣ್ಣು ಮುಚ್ಚಿ ನೋಡುವ ರೀತಿ ನನಗೆ ಆ ಸಾಲಿನಲ್ಲಿ ಹಾಗೇ ಕಾಣಿಸಿತು. ನಾವು ಮೂರು ದಿನದಲ್ಲಿ ಕೊಟ್ಟ ತೀರ್ಪಿನಲ್ಲಿ ‘ಇಂಧನ ನೋಡಿರಲಿಕ್ಕಿಲ್ಲ’ ಅಂತ ಇತ್ತಲ್ಲ. ನೋಡಿದ್ದ.

ಹಾಗಾಗಿ ನಮ್ಮಲ್ಲಿ ಈಗ ಒಂದು ಒಪ್ಪಂದ ಇದೆ. ಬರೆದಿಟ್ಟದ್ದಲ್ಲ. ಮೊದಲ ತಿಂಗಳು ಕಾರಣದ ಮಾತು ಬೇಡ, ಮನುಷ್ಯನ ಮಾತು ಆಡೋಣ. ವರದಿ ಬಂದ ಮೇಲೆ ಎಲ್ಲರೂ ಸೇರಿ ಸಾಲು ಸಾಲಾಗಿ ಓದೋಣ. ಒಬ್ಬನಿಗೆ ಎರಡು ಸಲ ವಿದಾಯ ಹೇಳಿದ ಹಾಗೆ. ಗೆಳೆಯನಾಗಿ ಒಮ್ಮೆ, ಪೈಲಟ್ ಆಗಿ ಒಮ್ಮೆ. ಎರಡನ್ನೂ ಕಲಸಿದಾಗಲೇ ಹೊಲಸಾಗುವುದು.

ಇನ್ನು ಆಕಾಶದಲ್ಲಿ ಕೊಡುವ ಗೌರವದ ವಿಷಯ. ಮಿಸ್ಸಿಂಗ್ ಮ್ಯಾನ್ ಫಾರ್ಮೇಶನ್ ನೀವೆಲ್ಲ ನೋಡಿರುತ್ತೀರಿ, ವಿಡಿಯೋದಲ್ಲಾದರೂ. ನಾಲ್ಕು ವಿಮಾನ ಒತ್ತೊತ್ತಾಗಿ ಬರುತ್ತವೆ, ತಲೆಯ ಮೇಲೆ ಬಂದಾಗ ಒಂದು ಮೇಲಕ್ಕೆದ್ದು ಬೇರೆಯಾಗಿ ಹೋಗುತ್ತದೆ. ಮೊದಲೇ ಒಂದು ಜಾಗ ಖಾಲಿ ಬಿಟ್ಟು ಹಾರುವುದೂ ಉಂಟು. 1938ರಲ್ಲಿ ಅಮೆರಿಕದ ಸೈನ್ಯದ ವಾಯುದಳದ ಮುಖ್ಯಸ್ಥ ಆಸ್ಕರ್ ವೆಸ್ಟೋವರ್ ವಿಮಾನ ಅಪಘಾತದಲ್ಲಿ ತೀರಿಕೊಂಡಾಗ 50ಕ್ಕೂ ಹೆಚ್ಚು ವಿಮಾನಗಳು ಹಾಗೆ ಒಂದು ಜಾಗ ಬಿಟ್ಟು ಹಾರಿದವು. ನೋಡುವವರ ಗಂಟಲು ಕಟ್ಟುತ್ತದೆ, ಒಪ್ಪುತ್ತೇನೆ.

ಆದರೆ ನನ್ನ ಅಭಿಪ್ರಾಯ ಕೇಳಿದರೆ, ನಮ್ಮಂಥ ಕ್ಲಬ್ಬುಗಳಿಗೆ ಅದು ಬೇಡ. ಒತ್ತಾಗಿ ಹಾರುವುದು ಬೇರೆಯೇ ವಿದ್ಯೆ, ಅದಕ್ಕೆ ತರಬೇತಿ ಬೇಕು. ಹಾರುವ ಮುನ್ನ ಪೈಲಟ್ ತನ್ನನ್ನೇ ಕೇಳಿಕೊಳ್ಳಬೇಕಾದ ಪ್ರಶ್ನೆಗಳ ಪಟ್ಟಿ ಒಂದಿದೆ: ಕಾಯಿಲೆ ಇದೆಯೇ, ಔಷಧಿ ತಗೊಂಡಿದ್ದೀಯಾ, ಒತ್ತಡ, ಮದ್ಯ, ಆಯಾಸ, ಕೊನೆಗೆ ಮನಸ್ಸು. ಗೆಳೆಯನನ್ನು ಕಳಕೊಂಡ ವಾರ ಆ ಕೊನೆಯ ಪ್ರಶ್ನೆಗೆ ಪ್ರಾಮಾಣಿಕ ಉತ್ತರ ಕೊಡುವವರು ನೆಲದ ಮೇಲೇ ಇರಬೇಕು. ಅಂಥ ನಾಲ್ಕು ಜನ ಕಣ್ಣು ಒರೆಸಿಕೊಳ್ಳುತ್ತಾ ರೆಕ್ಕೆಗೆ ರೆಕ್ಕೆ ತಾಗುವಷ್ಟು ಹತ್ತಿರ ಹಾರುವುದನ್ನು ಯೋಚಿಸಿ. ಒಂದು ಸಾವಿನ ಜೊತೆ ಇನ್ನೊಂದು ಆಗಬಾರದು.

ಕಿಲೊ ಟ್ಯಾಂಗೊ ಗೆಳೆಯನಿಗೆ ನಾವು ಒಂದೇ ವಿಮಾನ ಹಾರಿಸಿದೆವು. ಅವನನ್ನು ಅಷ್ಟಾಗಿ ಅರಿಯದ ಒಬ್ಬರು ಹಾರಿಸಿದರು, ಬೇಕೆಂದೇ ಅವರನ್ನು ಆರಿಸಿದ್ದೆವು. ರನ್‌ವೇ ಮೇಲೆ ಒಂದು ಸಲ ಸಾಗಿ, ರೆಕ್ಕೆ ಎಡಕ್ಕೆ ಬಲಕ್ಕೆ ಅಲ್ಲಾಡಿಸಿ ಹೋದರು. ರೆಕ್ಕೆ ಅಲ್ಲಾಡಿಸುವುದಕ್ಕೆ ಪುಸ್ತಕದಲ್ಲೊಂದು ಅರ್ಥ ಇದೆ, ಗೊತ್ತಾ? ವಿಮಾನದ ರೇಡಿಯೋ ಕೆಟ್ಟಾಗ ಟವರ್‌ನವರು ಬಣ್ಣದ ದೀಪ ತೋರಿಸಿ ಸೂಚನೆ ಕೊಡುತ್ತಾರೆ. ಹಗಲಲ್ಲಿ ಪೈಲಟ್ ಅದಕ್ಕೆ ಉತ್ತರ ಕೊಡುವುದು ರೆಕ್ಕೆ ಅಲ್ಲಾಡಿಸಿ. ನೀವು ಹೇಳಿದ್ದು ತಿಳಿಯಿತು ಅಂತ. ಬಹಳಷ್ಟು ಜನ ಅದನ್ನು ಟಾಟಾ ಅಂದುಕೊಂಡಿದ್ದಾರೆ.

ಬೂದಿಯನ್ನು ಆಕಾಶದಿಂದ ಚೆಲ್ಲಬೇಕು ಅಂತ ಆಸೆಪಟ್ಟವರೂ ಇದ್ದಾರೆ. ಕೆಲವು ದೇಶಗಳಲ್ಲಿ ಅದಕ್ಕೆ ಅವಕಾಶ ಇದೆ, ಕೆಳಗಿನವರಿಗೆ ತೊಂದರೆ ಆಗಬಾರದು ಅಷ್ಟೇ. ಮಾಡುವವರಿಗೆ ಒಂದು ಕಿವಿಮಾತು. ಕಿಟಕಿ ತೆಗೆದು ಸುಮ್ಮನೆ ಸುರಿಯಬೇಡಿ. ಗಾಳಿ ಅದನ್ನು ಹಿಂದಕ್ಕೆ ಒಳಗೇ ತರುತ್ತದೆ. ನಮ್ಮವರೊಬ್ಬರು ಹಾಗೆ ಮಾಡಿ, ಹಿರಿಯ ಗೆಳೆಯರೊಬ್ಬರನ್ನು ತಮ್ಮ ಕೂದಲು, ಕನ್ನಡಕ, ಸೀಟಿನ ಸಂದಿಯಲ್ಲೆಲ್ಲ ಹೊತ್ತುಕೊಂಡು ಇಳಿದರು. ‘ಅವರಿಗೆ ವಿಮಾನ ಬಿಟ್ಟು ಇಳಿಯಲು ಮನಸ್ಸೇ ಇರಲಿಲ್ಲ’ ಅಂದರು. ಉದ್ದ ಕೊಳವೆಯೊಂದನ್ನು ಕಿಟಕಿಯಿಂದ ಕೆಳಕ್ಕೆ, ಹಿಂದಕ್ಕೆ ಬಿಟ್ಟು ಅದರ ಮೂಲಕ ಬಿಡಬೇಕು. ನಗಬೇಡಿ ಅಂತ ನಾನು ಹೇಳಲ್ಲ, ನಾವೂ ನಕ್ಕೆವು. ಆ ಹಿರಿಯರೂ ನಗುತ್ತಿದ್ದರು.

ವಿದಾಯದ ದಿನ ಹೇಗೋ ಮುಗಿಯುತ್ತದೆ. ಹ್ಯಾಂಗರ್‌ನಲ್ಲಿ ವಿಮಾನ ಉಳಿಯುತ್ತದೆ. ಇದರ ಬಗ್ಗೆ ಯಾರೂ ಮಾತಾಡಲ್ಲ.

ಕಿಲೊ ಟ್ಯಾಂಗೊ ಗೆಳೆಯನ ಮಗಳಿಗೆ ಆಗ ಇಪ್ಪತ್ತೆರಡು. ಹಾರಲು ಬರುವುದಿಲ್ಲ, ಆದರೆ ಅಪ್ಪನ ಜೊತೆ ಕೂತು ಎಂಜಿನ್ ಶುರು ಮಾಡಲು ಕಲಿತಿದ್ದಳು. ಪ್ರತಿ ಭಾನುವಾರ ಬಂದು ಹ್ಯಾಂಗರ್ ಬಾಗಿಲು ತೆಗೆದು, ವಿಮಾನ ಹೊರಗೆ ತಳ್ಳಿಸಿ, ಚಕ್ರಕ್ಕೆ ಅಡ್ಡ ಕೊಟ್ಟು, ಹತ್ತು ನಿಮಿಷ ಎಂಜಿನ್ ಓಡಿಸಿ ಹೋಗುತ್ತಿದ್ದಳು. ಅಪ್ಪನ ವಿಮಾನ ಹಾಳಾಗಬಾರದು ಅಂತ. ನೋಡುವವರಿಗೆಲ್ಲ ಕರುಳು ಚುರ್ ಅನ್ನುತ್ತಿತ್ತು.

ತೊಂದರೆ ಏನೆಂದರೆ, ಅದರಿಂದಲೇ ಎಂಜಿನ್ ಹಾಳಾಗುತ್ತದೆ. ಎಂಜಿನ್ ಓಡಿದಾಗ ಒಳಗೆ ನೀರಿನ ಆವಿ ಸೇರುತ್ತದೆ. ಹಾರಿದರೆ ಆಯಿಲ್ ಚೆನ್ನಾಗಿ ಕಾದು ಆ ತೇವ ಹೊರಗೆ ಹೋಗುತ್ತದೆ. ನೆಲದ ಮೇಲೆ ಹತ್ತು ನಿಮಿಷ ಓಡಿಸಿದರೆ ಅಷ್ಟು ಕಾಯುವುದಿಲ್ಲ. ತೇವ ಒಳಗೇ ಉಳಿದು ತುಕ್ಕು ಹಿಡಿಯುತ್ತದೆ. ಆ ವಿಮಾನದಲ್ಲಿದ್ದದ್ದು ಲೈಕಮಿಂಗ್ ಎಂಜಿನ್. ಅದರಲ್ಲಿ ಕ್ಯಾಮ್‌ಶಾಫ್ಟ್ ಅನ್ನುವ ದಂಡ ಮೇಲ್ಗಡೆ ಇರುತ್ತದೆ, ನಿಂತರೆ ಆಯಿಲ್ ಎಲ್ಲ ಕೆಳಗೆ ಇಳಿದು ಅದು ಒಣಗುತ್ತದೆ. ಇದೆಲ್ಲ ನನಗೆ ಗೊತ್ತಿತ್ತು. ಏಳು ಭಾನುವಾರ ನಾನು ಬಾಯಿ ಬಿಡಲಿಲ್ಲ. ಆ ಹತ್ತು ನಿಮಿಷ ಅವಳಿಗೆ ಏನಾಗಿತ್ತೋ ಅದನ್ನು ನಾನು ಹೇಗೆ ಕಿತ್ತುಕೊಳ್ಳಲಿ?

ಎಂಟನೇ ವಾರ ಹೇಳಿದೆ. ‘ಮಗಾ, ಇದಕ್ಕೆ ಹತ್ತು ನಿಮಿಷ ಸಾಲಲ್ಲ, ಒಂದು ಗಂಟೆ ಹಾರಬೇಕು. ನಾನು ಹಾರಿಸ್ತೀನಿ, ನೀನು ಪಕ್ಕ ಕೂತ್ಕೋ.’ ವಿಮೆ, ಕಾಗದ ಎಲ್ಲ ಸರಿ ಮಾಡಿಕೊಂಡು ತಿಂಗಳಿಗೆರಡು ಸಲ ಹೋದೆವು. ಮೊದಲ ಸಲ ಅವಳು ಒಂದು ಮಾತೂ ಆಡಲಿಲ್ಲ. ಅಪ್ಪನ ಹೆಡ್‌ಸೆಟ್ ಹಾಕಿಕೊಂಡಿದ್ದಳು. ಅದರ ಕಿವಿಯ ಮೆತ್ತೆ ಅವನ ತಲೆಯ ಅಳತೆಗೆ ಒತ್ತಿ ಒತ್ತಿ ಚಪ್ಪಟೆಯಾಗಿತ್ತು, ಅವಳಿಗೆ ಸಡಿಲ. ಎಲ್ಲ ಹೊತ್ತೂ ಒಂದು ಕೈಯಲ್ಲಿ ಅದನ್ನು ಹಿಡಿದುಕೊಂಡೇ ಇದ್ದಳು. ಐದಾರು ತಿಂಗಳ ಮೇಲೆ ಅವಳೇ ಅಂದಳು, ‘ಇನ್ನು ಮಾರೋಣ ಅಂಕಲ್.’ ಲಾಗ್‌ಬುಕ್ ಮತ್ತು ಹೆಡ್‌ಸೆಟ್ ಇಟ್ಟುಕೊಂಡಳು.

ನೀವು ಯಾವುದೇ ಕ್ಲಬ್ಬಿನವರಾಗಿರಿ, ಒಂದು ಕೆಲಸ ಮಾಡಿ. ನಿಮ್ಮ ವಿಮಾನದ ಕಾಗದ ಎಲ್ಲಿದೆ, ಕೀಲಿ ಎಲ್ಲಿದೆ, ನೀವಿಲ್ಲದಿದ್ದರೆ ಯಾರನ್ನು ಕೇಳಬೇಕು ಅಂತ ಒಂದು ಹಾಳೆಯಲ್ಲಿ ಬರೆದು ಮನೆಯವರಿಗೆ ಕೊಡಿ. ನನಗೆ ಇದನ್ನು ಹೇಳಲು ನಾಚಿಕೆಯಾಗುತ್ತದೆ, ಯಾಕೆಂದರೆ ನಾನು ನನ್ನ ಹಾಳೆ ಬರೆದದ್ದು ಹೋದ ವರ್ಷ.

ಈಗ ಎರಡನೆಯವರಿಗೆ ಬರುತ್ತೇನೆ. ಬದುಕಿದ್ದೂ ಹಾರದವರು.

ಏರ್‌ಲೈನ್ ಪೈಲಟ್‌ಗೆ ಕೊನೆಯ ದಿನ ಮೊದಲೇ ಗೊತ್ತು. ಅಂತರರಾಷ್ಟ್ರೀಯ ನಿಯಮದಲ್ಲಿ 65ಕ್ಕೆ ಮುಗಿಯಿತು. ಎರಡು ಅಗ್ನಿಶಾಮಕ ವಾಹನ ಎರಡು ಕಡೆ ನಿಂತು ನೀರಿನ ಕಮಾನು ಮಾಡುತ್ತವೆ, ವಿಮಾನ ಅದರ ಅಡಿಯಿಂದ ಹಾದು ಬರುತ್ತದೆ, ಫೋಟೋ, ಹೂವು. ನಮಗೆ ಅಂಥ ದಿನಾಂಕ ಇಲ್ಲ. ಹವ್ಯಾಸಕ್ಕೆ ಹಾರುವವರಿಗೆ ವಯಸ್ಸಿನ ಗಡಿ ಸಾಮಾನ್ಯವಾಗಿ ಇರುವುದಿಲ್ಲ. ವೈದ್ಯರ ಪರೀಕ್ಷೆ ಇದೆ, ವಯಸ್ಸಾದಂತೆ ಅದು ಹತ್ತಿರ ಹತ್ತಿರ ಬರುತ್ತದೆ. ಒಂದು ಸಲ ಪಾಸಾಗುವುದಿಲ್ಲ. ಆ ಮನುಷ್ಯ ಯಾರಿಗೂ ಹೇಳದೆ ಎರಡು ವಾರ ಬರುವುದಿಲ್ಲ. ಆಮೇಲೆ ಒಂದಿನ ಬಂದು ಹ್ಯಾಂಗರ್‌ನಿಂದ ತನ್ನ ಚೀಲ ತಗೊಂಡು ಹೋಗುತ್ತಾನೆ. ಸತ್ತವರಿಗೆ ವಿಮಾನ ಹಾರಿಸುವ ನಾವು ಇವರಿಗೆ ಒಂದು ಕೈ ಕೂಡ ಬೀಸಿರುವುದಿಲ್ಲ. ಅವರ ನೋವಿಗಿಂತ ನಮ್ಮ ಭಯ ದೊಡ್ಡದು. ಮುಂದಿನ ಸರದಿ ನಮ್ಮದು ಅಂತ ಗೊತ್ತಲ್ಲ.

ಇಲ್ಲಿ ಸ್ವಲ್ಪ ದಾರಿ ಬಿಟ್ಟು ಹೋಗುತ್ತೇನೆ. 1929ರ ನವೆಂಬರ್‌ನಲ್ಲಿ ಅಮೆರಿಕದಲ್ಲಿ ಹೆಣ್ಣುಮಕ್ಕಳು ಒಂದು ಸಂಘ ಕಟ್ಟಿದರು. ಆಗ ಆ ದೇಶದಲ್ಲಿ ಲೈಸೆನ್ಸ್ ಇದ್ದ ಮಹಿಳಾ ಪೈಲಟ್‌ಗಳು 117 ಜನ. ಅವರಲ್ಲಿ 99 ಜನ ಸೇರಿದರು, ಹಾಗಾಗಿ ಸಂಘದ ಹೆಸರು ನೈಂಟಿ ನೈನ್ಸ್. ಮೊದಲ ಅಧ್ಯಕ್ಷೆ ಅಮೀಲಿಯಾ ಇಯರ್‌ಹಾರ್ಟ್. 1937ರ ಜುಲೈನಲ್ಲಿ ಅವರು ಪೆಸಿಫಿಕ್ ಮೇಲೆ ಕಾಣೆಯಾದರು. ಸಂಘ ಇವತ್ತಿಗೂ ಇದೆ, ಹೆಸರು 99. ಒಬ್ಬರು ಹೋದರು ಅಂತ 98 ಮಾಡಲಿಲ್ಲ. ಸಾವಿರಾರು ಜನ ಸೇರಿದರೂ ಹೆಚ್ಚಿಸಲಿಲ್ಲ. ನನಗೆ ಈ ಲೆಕ್ಕ ಬಹಳ ಇಷ್ಟ. ನಮ್ಮ ಕ್ಲಬ್ಬಿನ ಗೋಡೆಯ ಹಲಗೆಯಲ್ಲಿ ಹಾರುವುದು ಬಿಟ್ಟವರ ಹೆಸರು ಅಳಿಸುತ್ತಿದ್ದೆವು. ಈಗ ಅಳಿಸುವುದಿಲ್ಲ.

ನನಗೆ ಹಾರಲು ಕಲಿಸಿದ ಮೇಷ್ಟ್ರು ನಮ್ಮಲ್ಲೇ ಇದ್ದರು. ಎಪ್ಪತ್ತು ದಾಟಿದ್ದರು. ಮೆಡಿಕಲ್ ಇನ್ನೂ ಪಾಸಾಗುತ್ತಿತ್ತು. ಆದರೆ ಒಂದು ದಿನ ರೇಡಿಯೋದಲ್ಲಿ ‘ರನ್‌ವೇ 27’ ಅಂತ ಹೇಳಿ 09ರ ಕಡೆಯಿಂದ ಬಂದರು. ಒಂದೇ ರನ್‌ವೇಯ ಎರಡು ತುದಿ ಅವು. ಅಂದರೆ ಎದುರುಬದುರು. ಅವತ್ತು ಆಕಾಶದಲ್ಲಿ ಬೇರೆ ಯಾರೂ ಇರಲಿಲ್ಲ. ಎಲ್ಲರೂ ನೋಡಿದೆವು, ಎಲ್ಲರೂ ಬೇರೆ ಕಡೆ ನೋಡಿದೆವು. ಆಮೇಲೆ ಒಬ್ಬೊಬ್ಬರೇ ನನ್ನ ಹತ್ತಿರ ಬಂದು, ‘ನೀನು ಅವರ ಶಿಷ್ಯ, ನೀನೇ ಹೇಳು’ ಅಂದರು. ಇದು ಸಣ್ಣ ಗುಂಪಿನ ಇನ್ನೊಂದು ಗುಣ.

ನಾನು ಹೇಳಲಿಲ್ಲ. ಪಕ್ಕದ ಸೀಟಿನಲ್ಲಿ ಕೂತು ಬರುತ್ತೇನೆ ಅಂದೆ. ಅವರಿಗೆ ಅರ್ಥವಾಯಿತು. ಮೂರು ಸಲ ಹೋದೆವು. ಮೂರನೆಯ ಸಲ ಇಳಿದು ರೆಕ್ಕೆಗೆ ಹಗ್ಗ ಕಟ್ಟುತ್ತಾ ಅವರೇ ಕೇಳಿದರು, ‘ನಾನು ನಿನ್ನ ವಿದ್ಯಾರ್ಥಿ ಆಗಿದ್ದಿದ್ರೆ ನನ್ನ ಒಬ್ಬನೇ ಸೋಲೋಗೆ ಕಳಿಸ್ತಿದ್ದೆಯೇನೋ?’

‘ಇಲ್ಲ ಮೇಷ್ಟ್ರೇ’ ಅಂದೆ.

ಅವರು ಗಂಟು ಬಿಚ್ಚಿ ಮತ್ತೆ ಹಾಕಿದರು. ಮೊದಲು ಹಾಕಿದ್ದು ಸರಿಯಾಗಿಯೇ ಇತ್ತು.

ಮುಂದಿನ ಭಾನುವಾರ ಕೊನೆಯ ಸಲ ಹೋಗೋಣ ಅಂದರು. ಎಲ್ಲರಿಗೂ ತಿಳಿಸಿದೆ. ಯಾವ ಕಾರ್ಯಕ್ರಮವೂ ಇಲ್ಲ, ಎಲ್ಲರೂ ಬಂದು ರನ್‌ವೇ ಪಕ್ಕ ನಿಂತಿದ್ದರು ಅಷ್ಟೇ. ಒಂದು ಗಂಟೆ ಹಾರಿದೆವು. ಫೈನಲ್‌ನಲ್ಲಿ, ಮುನ್ನೂರು ಅಡಿಯಲ್ಲಿ, ಅವರು ಎರಡೂ ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡು ‘ಯೂ ಹ್ಯಾವ್ ಕಂಟ್ರೋಲ್’ ಅಂದರು. ಇದಕ್ಕೆ ‘ಐ ಹ್ಯಾವ್ ಕಂಟ್ರೋಲ್’ ಅಂತ ಬಾಯಿ ಬಿಟ್ಟು ಹೇಳಲೇಬೇಕು. ವಿಮಾನ ಯಾರ ಕೈಯಲ್ಲಿದೆ ಅನ್ನುವುದರಲ್ಲಿ ಅನುಮಾನ ಇರಬಾರದು. ಅವರೇ ಕಲಿಸಿದ್ದು. ನನಗೆ ದನಿ ಹೊರಡಲಿಲ್ಲ.

‘ಮೊದಲು ಉತ್ತರ ಕೊಡು. ಆಮೇಲೆ ಅಳು’ ಅಂದರು.

ಕೊಟ್ಟೆ. ಇಳಿಸಿದೆ. ಅಷ್ಟೇನೂ ಚೆನ್ನಾಗಿ ಇಳಿಸಲಿಲ್ಲ, ಒಂದು ಸಲ ಪುಟಿಯಿತು. ‘ಲಾಗ್‌ಬುಕ್‌ನಲ್ಲಿ ಈ ಲ್ಯಾಂಡಿಂಗ್ ನಿನ್ನ ಹೆಸರಿಗೆ ಬರ್ಕೋ’ ಅಂದರು. ತಮ್ಮ ಲಾಗ್‌ಬುಕ್‌ನಲ್ಲಿ ಒಟ್ಟು ಗಂಟೆ ಕೂಡಿ, ಕೆಳಗೆ ಸ್ಕೇಲ್ ಇಟ್ಟು ಒಂದು ಗೆರೆ ಎಳೆದರು.

ಅದಾದ ಮೇಲೆ ಅವರು ಬರುವುದು ನಿಲ್ಲಿಸುತ್ತಾರೆ ಅಂದುಕೊಂಡಿದ್ದೆ. ಎರಡು ವಾರ ಬರಲಿಲ್ಲ ಕೂಡ. ನಾನು ಮನೆಗೆ ಹೋಗಿ, ‘ಮೇಷ್ಟ್ರೇ, ನಾವು ಹೊರಟಾಗ ಹೇಳಿಹೋಗೋಕೆ ಒಬ್ಬರು ಬೇಕು’ ಅಂದೆ. ನಿಜಕ್ಕೂ ಬೇಕಿತ್ತು. ಬೆಟ್ಟದ ಆಚೆ ಹೊರಟ ಗೆಳೆಯ ತೀರಿಕೊಂಡ ಮೇಲೆ ನಾನು ಆ ಕೆಲಸ ಮಾಡಲಾರದವನಾಗಿದ್ದೆ. ಈಗ ಯಾರು ಹೊರಟರೂ ಮೇಷ್ಟ್ರಿಗೆ ತಿಳಿಸಿ ಹೋಗುತ್ತಾರೆ. ಅವರ ಹತ್ತಿರ ಒಂದು ಉದ್ದ ನೋಟ್‌ಬುಕ್ ಇದೆ. ಹೊರಟ ಹೊತ್ತು, ಹೋಗುವ ಕಡೆ, ಇಳಿಯಬೇಕಾದ ಹೊತ್ತು. ಕೊನೆಯ ಕಾಲಂ ಖಾಲಿ ಇರುತ್ತದೆ, ‘ಇಳಿದೆ’ ಅಂತ ಮೆಸೇಜ್ ಬಂದ ಮೇಲೆ ತುಂಬುತ್ತಾರೆ.

ಹೋದ ತಿಂಗಳು ನಾನು ಇಳಿದವನು ಯಾರದೋ ಜೊತೆ ಮಾತಿಗೆ ನಿಂತು ಮೆಸೇಜ್ ಮರೆತೆ. ಫೋನ್ ಬಂತು. ಗಡಿಯಾರ ನೋಡಿಕೊಂಡೆ, 12 ನಿಮಿಷ ಆಗಿತ್ತು.

‘ಮೇಷ್ಟ್ರೇ, ರೂಲ್ ಪ್ರಕಾರ ಇನ್ನೂ 18 ನಿಮಿಷ ಇತ್ತಲ್ಲ’ ಅಂದೆ.

‘ನನ್ನ ಗಡಿಯಾರ ಸ್ವಲ್ಪ ಮುಂದೆ ಇದೆ ಕಣೋ’ ಅಂದರು.